ಡ್ರಮ್ಸ್: ಕಿಕ್ ಸೇರಿಸಿದ ಕೂಡಲೇ ಬಲಗೈ ತಪ್ಪುವುದೇಕೆ?

ಪ್ರಶ್ನೆ: ಡ್ರಮ್ಸ್ ಕಲಿಯಲು ಶುರುಮಾಡಿ ತಿಂಗಳಾಯಿತು. ಹೈ-ಹ್ಯಾಟ್ (ಜೋಡಿ ತಟ್ಟೆ) ಮೇಲೆ ಬಲಗೈ ಒಂದೇ ಸಮ ಓಡುತ್ತದೆ, ಎಡಗೈಯಲ್ಲಿ ಸ್ನೇರ್ (ಮುಂದಿನ ಚಿಕ್ಕ ಡ್ರಮ್) ಕೂಡ ಬರುತ್ತದೆ. ಕಾಲಿನ ಕಿಕ್ (ಪೆಡಲ್ ಒತ್ತಿ ಹೊಡೆಯುವ ದೊಡ್ಡ ಡ್ರಮ್) ಸೇರಿಸಿದರೆ ಸಾಕು, ಎಲ್ಲ ಕಲಸಿಹೋಗುತ್ತದೆ. ಕೈಕಾಲುಗಳನ್ನು ಬೇರೆ ಬೇರೆಯಾಗಿ ಆಡಿಸುವುದು ಹೇಗೆ?

ಉತ್ತರ: ಬೇರೆ ಬೇರೆಯಾಗಿ ಆಡಿಸಲು ಹೋಗಬೇಡಿ. ನೀವು ಕಲಿಯುತ್ತಿರುವ ಮೊದಲ ರಾಕ್ ಬೀಟ್‌ನಲ್ಲಿ ಕಾಲು ಒಂಟಿಯಾಗಿ ಬೀಳುವ ಜಾಗ ಒಂದೂ ಇಲ್ಲ. ಕಾಲು ಬಿದ್ದಾಗಲೆಲ್ಲ ಬಲಗೈ ಜೊತೆಗೇ ಇರುತ್ತದೆ. ಯಾವ ಏಟಿನಲ್ಲಿ ಯಾವುದರ ಜೊತೆ ಯಾವುದು ಬೀಳುತ್ತದೆ ಎಂಬುದು ಬಾಯಲ್ಲಿ ಕೂತರೆ, ಕೈಕಾಲು ಅದರ ಹಿಂದೆ ಬರುತ್ತವೆ.

ಬಾಯಿಗೆ ಏನು ಕೊಡಬೇಕು? ಹೆಚ್ಚಿನ ವಿಡಿಯೊಗಳಲ್ಲಿ 'ವನ್ ಆಂಡ್ ಟೂ ಆಂಡ್' ಎಂದು ಎಣಿಸುತ್ತಾರೆ. ಅದನ್ನೇ 'ಒಂದು ಮತ್ತು ಎರಡು ಮತ್ತು' ಎಂದು ಮಾಡಿಕೊಂಡರೆ ವೇಗ ಏರಿದಂತೆ ನಾಲಿಗೆ ತೊಡರುತ್ತದೆ. ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಸೊಲ್ಲು ಇದೆ: ತ ಕ ಧಿ ಮಿ ತ ಕ ಜ ಣು. ಎಂಟು ಅಕ್ಷರ, ಹೈ-ಹ್ಯಾಟ್‌ನ ಎಂಟು ಏಟು. ಈಗ ಹಂಚಿಕೊಳ್ಳಿ:

ಬಲಗೈ (ಹೈ-ಹ್ಯಾಟ್): ಎಂಟೂ ಅಕ್ಷರಕ್ಕೆ
ಬಲಗಾಲು (ಕಿಕ್): ಎರಡು 'ತ'ಗಳಿಗೆ, ಅಂದರೆ 1 ಮತ್ತು 5
ಎಡಗೈ (ಸ್ನೇರ್): 'ಧಿ' ಮತ್ತು 'ಜ'ಕ್ಕೆ, ಅಂದರೆ 3 ಮತ್ತು 7

ಹೀಗೆ ಬರೆದಾಗ ಬೀಟ್ ಎಷ್ಟು ಸರಳ ಎಂಬುದು ಕಾಣುತ್ತದೆ. ಇಡೀ ಆವರ್ತದಲ್ಲಿ ಇರುವುದು ಮೂರೇ ಬಗೆಯ ಏಟು: ಬಲಗೈ ಮಾತ್ರ, ಬಲಗೈ ಜೊತೆ ಕಾಲು, ಬಲಗೈ ಜೊತೆ ಎಡಗೈ. ಆದಿತಾಳ ಹಾಕಿಕೊಂಡು ಸರಳೆ ವರಸೆ ಹಾಡಿದವರಿಗೆ ಇದರ ಅಭ್ಯಾಸ ಅರ್ಧ ಆಗಿಯೇ ಇದೆ. ಕೈ ಒಂದು ಮಾಡುವಾಗ ಬಾಯಿ ಇನ್ನೊಂದು ಮಾಡುವುದು ಅವರಿಗೆ ಹೊಸದಲ್ಲ.

ಮೊದಲ ದಿನ ಮೆಟ್ರೊನೋಮ್ (ಒಂದೇ ಸಮ ಟಿಕ್ ಎನ್ನುತ್ತ ಲಯ ತೋರಿಸುವ ಸಾಧನ) ಬೇಡ. 'ತ' ಎನ್ನಿ, ಕೈ ಮತ್ತು ಕಾಲು ಒಟ್ಟಿಗೆ ಇಳಿಸಿ, ನಿಲ್ಲಿಸಿ. ಮುಂದಿನ ಅಕ್ಷರಕ್ಕೆ ಯಾವುದು ಬೀಳಬೇಕೆಂದು ಯೋಚಿಸಿ, ಆಮೇಲೆ ಹೊಡೆಯಿರಿ. ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ. ಎಂಟೂ ಅಕ್ಷರ ಯೋಚಿಸದೆ ಬರತೊಡಗಿದ ಮೇಲೆ ಮೆಟ್ರೊನೋಮ್ ಅನ್ನು 60ಕ್ಕೆ (ನಿಮಿಷಕ್ಕೆ 60 ಟಿಕ್) ಇಡಿ, ಒಂದು ಟಿಕ್‌ಗೆ ಎರಡು ಅಕ್ಷರ. ಆಗ ಒಂದು ಆವರ್ತಕ್ಕೆ 4 ಸೆಕೆಂಡ್. ತಪ್ಪಿಲ್ಲದೆ 2 ನಿಮಿಷ, ಅಂದರೆ 30 ಆವರ್ತ ನಡೆದರೆ 64ಕ್ಕೆ ಏರಿಸಿ. ನಡುವೆ ಕೆಟ್ಟರೆ ಅಲ್ಲಿಂದಲೇ ಮುಂದುವರಿಸಬೇಡಿ, ಮೊದಲ 'ತ'ಕ್ಕೆ ಮರಳಿ. ಇಲ್ಲವಾದರೆ ಬೀಟ್‌ನ ಜೊತೆ ತಡವರಿಕೆಯೂ ರೂಢಿಯಾಗುತ್ತದೆ. ಸೊಲ್ಲನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು, ಕಿವಿಗೆ ಕೇಳುವಂತೆ ಹೇಳಬೇಕು. ಬಾಯಿ ನಿಂತ ಕಡೆಯೇ ಕೈಯೂ ತಪ್ಪುವುದನ್ನು ನೀವೇ ಗಮನಿಸುವಿರಿ.

ಇನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. 'ತ' ಬರುವಲ್ಲಿ 'ಡಗ್' ಎಂಬ ಒಂದೇ ಸದ್ದಿನ ಬದಲು 'ಟ-ಡಗ್' ಎಂದು ಎರಡು ಕೇಳಿದರೆ ಕಾಲು ತಡವಾಗಿ ಬರುತ್ತಿದೆ. ಕಾಲು ಭಾರ, ಪೆಡಲ್‌ನ ಬೀಟರ್ ಡ್ರಮ್ ಮುಟ್ಟುವವರೆಗೆ ಸಾಗಬೇಕಾದ ದೂರವೂ ಇದೆ. ಹಾಗಾಗಿ ಕಾಲು ಕೈಗಿಂತ ಕೂದಲೆಳೆಯಷ್ಟು ಮೊದಲು ಹೊರಡಬೇಕು. ಹೈ-ಹ್ಯಾಟ್‌ನ ಉಳಿದ ಏಟುಗಳನ್ನು ನಿಲ್ಲಿಸಿ, ಕೇವಲ 1 ಮತ್ತು 5ರಲ್ಲಿ ಕೈ-ಕಾಲು ಜೋಡಿ ಏಟನ್ನು ಐದು ನಿಮಿಷ ಹೊಡೆದರೆ ಕಿವಿಯೇ ಇದನ್ನು ತಿದ್ದುತ್ತದೆ.

ಎಷ್ಟೇ ಅಭ್ಯಾಸ ಮಾಡಿದರೂ ಕಾಲು ತಡವಾಗುತ್ತಿದ್ದರೆ ಸ್ಟೂಲ್ ನೋಡಿ. ಕೂತಾಗ ತೊಡೆ ಮಂಡಿಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಪ್ರತಿ ಕಿಕ್‌ಗೂ ತೊಡೆಯನ್ನು ಎತ್ತುವುದೇ ಒಂದು ಕೆಲಸವಾಗುತ್ತದೆ. ಹೈ-ಹ್ಯಾಟ್ ಸ್ನೇರ್‌ನ ಅಂಚಿಗಿಂತ 6ರಿಂದ 8 ಇಂಚು ಮೇಲಿರಲಿ. ಬಲಗೈ ಎಡಗೈಯ ಮೇಲಿಂದ ದಾಟಿ ಹೋಗುವುದರಿಂದ, ಅಂತರ ಸಾಲದಿದ್ದರೆ ಎಡಗೈಗೆ ಸ್ಟಿಕ್ ಎತ್ತಲು ಜಾಗವಿಲ್ಲ. ಸ್ನೇರ್ ಏಟು ಸೊರಗಿದಂತೆ ಕೇಳುವುದಕ್ಕೆ ಇದೂ ಒಂದು ಕಾರಣ, ಕೈಯಲ್ಲಿ ಬಲವಿಲ್ಲವೆಂದು ಕೊರಗಬೇಕಿಲ್ಲ.

ಸದ್ದಿನ ಅಳತೆಯೂ ಮುಖ್ಯ. ಹೊಸಬರಲ್ಲಿ ಹೈ-ಹ್ಯಾಟ್ ಜೋರು, ಕಿಕ್ ಮೆತ್ತಗೆ. ಕೇಳಲು ಹಿತವಾಗಿರುವುದು ಇದರ ತಿರುಗುಮುರುಗು. ಸ್ಟಿಕ್‌ನ ತುದಿಯಿಂದ ಮೇಲಿನ ತಟ್ಟೆಯ ಮೇಲೆ ಹೊಡೆದರೆ ಸದ್ದು ಸಣ್ಣ, ಸ್ಟಿಕ್‌ನ ಕುತ್ತಿಗೆಯಿಂದ ತಟ್ಟೆಯ ಅಂಚಿಗೆ ಹೊಡೆದರೆ ದಪ್ಪ. ಈಗ ತುದಿಯೇ ಸಾಕು. ಎಡಗಾಲು ಹೈ-ಹ್ಯಾಟ್‌ನ ಪೆಡಲ್ ಒತ್ತಿಕೊಂಡೇ ಇರಲಿ. ಕಿಕ್ ಮೇಲೆ ಗಮನ ಹೋದಾಗ ಅದು ಗೊತ್ತಿಲ್ಲದೆ ಸಡಿಲವಾಗಿ, ತಟ್ಟೆಗಳು 'ಝಂಯ್' ಎನ್ನತೊಡಗುತ್ತವೆ.

ಈ ಬೀಟ್ ಕೂತ ಮೇಲೆ ಕಿಕ್‌ಗೆ ಒಂದು ಏಟು ಕೂಡಿಸಿ: 1, 5, 6. ಇಲ್ಲಿ ಬೀಟರ್ ಅನ್ನು ಡ್ರಮ್‌ಗೆ ಒತ್ತಿ ಹಿಡಿದರೆ 6 ತಡವಾಗುತ್ತದೆ, 5 ಹೊಡೆದ ತಕ್ಷಣ ಪೆಡಲ್ ಹಿಂದಕ್ಕೆ ಬರಲು ಬಿಡಿ. ಆಮೇಲೆ 1, 4, 5. ಇವೆರಡರಲ್ಲೂ ಕಾಲು ಬಲಗೈಯ ಜೊತೆಯೇ ಬೀಳುತ್ತದೆ.

ನೀವು ಕೇಳಿದ ಕಷ್ಟ ನಿಜವಾಗಿ ಎದುರಾಗುವುದು ಇದರ ಮುಂದಿನ ಮೆಟ್ಟಿಲಲ್ಲಿ, ಕಿಕ್ ಎರಡು ಹೈ-ಹ್ಯಾಟ್ ಏಟುಗಳ ನಡುವೆ ಬೀಳುವಾಗ. ಆಗ ಒಂದೊಂದು ಟಿಕ್‌ಗೂ ಪೂರ್ತಿ 'ತಕಧಿಮಿ' ಹೇಳಿ. ಕೈ 'ತ' ಮತ್ತು 'ಧಿ'ಗೆ ಮಾತ್ರ, ಕಾಲು 'ಮಿ'ಗೆ ಮತ್ತು ಮುಂದಿನ 'ತ'ಕ್ಕೆ. 'ಮಿ' ಬಂದಾಗ ಬಲಗೈ ಕಾಲಿನ ಜೊತೆ ಇಳಿಯಲು ನೋಡುತ್ತದೆ. ಅದನ್ನು ಬಿಗಿದು ತಡೆದರೆ ಭುಜ ಗಟ್ಟಿಯಾಗುತ್ತದೆ, ಅಷ್ಟೇ. 'ಧಿ' ಹೊಡೆದ ಸ್ಟಿಕ್ ಮೇಲೇಳುವ ಹೊತ್ತಿಗೆ ಕಾಲು ಇಳಿಯಲಿ. ಕೈ ಏರಿಕೆ, ಕಾಲು ಇಳಿಕೆ ಎಂದು ನಿಧಾನವಾಗಿ ಜೋಡಿಸಿದರೆ 'ಮಿ'ಯಲ್ಲಿ ಕೈಗೂ ಒಂದು ಕೆಲಸ ಸಿಕ್ಕಂತಾಗುತ್ತದೆ. ಮೆಟ್ರೊನೋಮ್ 40ಕ್ಕೆ ಇಳಿಸಿ ಶುರುಮಾಡಿ.

ಇದಕ್ಕೆಲ್ಲ ಪ್ರತಿದಿನ ಕಿಟ್ ಬೇಕಿಲ್ಲ. ಕುರ್ಚಿಯ ಮೇಲೆ ಕೂತು ಎರಡು ಕೈ ತೊಡೆಗಳ ಮೇಲೆ, ಬಲಗಾಲು ನೆಲದ ಮೇಲೆ ಇಟ್ಟು ದಿನಕ್ಕೆ 20 ನಿಮಿಷ ಮಾಡಿದರೆ ಜೋಡಣೆ ಕೂರುತ್ತದೆ. ಪೆಡಲ್‌ನ ಪುಟಿತ ಮಾತ್ರ ನೆಲದಲ್ಲಿ ಸಿಗದು, ಅದಕ್ಕೆ ವಾರಕ್ಕೆ ಎರಡು ಸಲವಾದರೂ ಕಿಟ್ ಮುಂದೆ ಕೂರಿ.