ಹತ್ತಾರು ಬೆಟ್ಟ ಹತ್ತಿದ್ದೇನೆ, 20 ಜನರನ್ನು ಕರೆದೊಯ್ಯಬಹುದೇ?

ಪ್ರಶ್ನೆ: ಕುಂದಾದ್ರಿ, ನರಸಿಂಹ ಪರ್ವತ, ಕೊಡಚಾದ್ರಿ ಎಲ್ಲ ಹತ್ತಿಳಿದಿದ್ದೇನೆ. ಡಿಸೆಂಬರ್‌ನಲ್ಲಿ ಕಾಲೇಜಿನ 20 ಹುಡುಗ-ಹುಡುಗಿಯರನ್ನು ಕೊಡಚಾದ್ರಿಗೆ ಕರೆದುಕೊಂಡು ಹೋಗು ಅಂತಿದ್ದಾರೆ. ದಾರಿ ಗೊತ್ತು. ಇನ್ನೇನು ಕಲಿಯಬೇಕು?

ಉತ್ತರ: ಮೊದಲು ಸಾಲಿನ ಕೊನೆಯಲ್ಲಿ ನಡೆಯುವುದನ್ನು ಕಲಿಯಿರಿ. ಬೇರೆಯವರು ಮುನ್ನಡೆಸುವ ಮೂರು-ನಾಲ್ಕು ಚಾರಣಗಳಿಗೆ ಸ್ವೀಪ್ ಆಗಿ, ಅಂದರೆ ಎಲ್ಲರಿಗಿಂತ ಹಿಂದಿನವರಾಗಿ ಹೋಗಿಬನ್ನಿ. ಯಾರಿಗೆ ಶೂ ಕಚ್ಚುತ್ತಿದೆ, ಯಾರು ಬೆಳಿಗ್ಗೆ ತಿಂಡಿ ತಿಂದಿಲ್ಲ, ಯಾರು ನಾಚಿಕೆಯಿಂದ ಸುಸ್ತು ಮುಚ್ಚಿಡುತ್ತಿದ್ದಾರೆ ಎನ್ನುವುದೆಲ್ಲ ಕಾಣುವುದು ಹಿಂದಿನಿಂದಲೇ.

ಗುಂಪಿನ ಎಡವಟ್ಟುಗಳು ಹೆಚ್ಚಾಗಿ ಹುಟ್ಟುವುದು ಸಾಲು ತುಂಡಾದ ಜಾಗದಲ್ಲಿ. ಕೊಡಚಾದ್ರಿಯ (1343 ಮೀಟರ್) ಹುಲ್ಲುಗಾವಲಿನಲ್ಲಿ ಮಂಜು ಕವಿಯಿತು ಅಂದುಕೊಳ್ಳಿ. ಎಂಟನೆಯವಳು ಶೂ ಲೇಸ್ ಕಟ್ಟಲು ಬಗ್ಗಿದಳು. ಎದ್ದು ನೋಡಿದರೆ ಏಳನೆಯವನು ಇಲ್ಲ. ಆ ಕ್ಷಣದಿಂದ ಅವಳೇ ಹಿಂದಿನ 13 ಜನರಿಗೆ ಲೀಡರ್, ಅದು ಅವಳಿಗೇ ಗೊತ್ತಿಲ್ಲ. ಮುಂದೆ ದಾರಿ ಕವಲೊಡೆದರೆ ದನ ನಡೆದ ಜಾಡನ್ನೇ ಹಿಡಿದಾಳು, ಉಳಿದವರು ನಂಬಿ ಹಿಂಬಾಲಿಸುತ್ತಾರೆ.

ಇದಕ್ಕೆ ಮದ್ದು ಸರಳ, ಪಾಲಿಸುವುದೇ ಕಷ್ಟ. ನಿಮ್ಮ ಮುಂದೆ ಯಾರೂ ಹೋಗಕೂಡದು, ಸ್ವೀಪ್‌ನ ಹಿಂದೆ ಯಾರೂ ಉಳಿಯಕೂಡದು. ಪ್ರತಿ ಕವಲಿನಲ್ಲೂ ನಿಂತು, ಸ್ವೀಪ್‌ನ ಮುಖ ಕಂಡ ಮೇಲೆಯೇ ಹೊರಡಿ. ತಲೆ ಎಣಿಸುವ ಬದಲು ಬೆಳಿಗ್ಗೆಯೇ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ, ಅವರೇ ಕೂಗಿ ಹೇಳಲಿ. ತುದಿಯಲ್ಲಿ ಜೀಪಿನಲ್ಲಿ ಬಂದವರೂ ಸೇರಿಕೊಂಡಿರುತ್ತಾರೆ, ತಲೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮೂತ್ರಕ್ಕೆ ಹೋಗುವವರು ಬ್ಯಾಗನ್ನು ದಾರಿಯ ನಡುವೆಯೇ ಇಟ್ಟು ಹೋಗಲಿ. ಬ್ಯಾಗ್ ಅಲ್ಲಿರುವ ತನಕ ಸ್ವೀಪ್ ಕದಲುವುದಿಲ್ಲ.

ತೀರಾ ನಿಧಾನದವರನ್ನು ನಿಮ್ಮ ಬೆನ್ನಿಗೇ, ಎರಡನೇ-ಮೂರನೇ ಜಾಗದಲ್ಲಿ ಹಾಕಿಕೊಳ್ಳಿ. ನಿಮ್ಮ ವೇಗ ತಾನಾಗಿ ಅವರದಾಗುತ್ತದೆ. ಕೂತು ದಣಿವಾರಿಸಿಕೊಳ್ಳುವಾಗ ಹೊಸ ಲೀಡರ್‌ಗಳೆಲ್ಲ ಮಾಡುವ ತಪ್ಪೊಂದಿದೆ: ಕೊನೆಯವರು ಏದುಸಿರು ಬಿಡುತ್ತಾ ಬಂದು ತಲುಪಿದ ಕೂಡಲೇ 'ಸರಿ, ಏಳಿ' ಅನ್ನುವುದು. ಮುಂದಿನವರಿಗೆ 15 ನಿಮಿಷ ಸಿಕ್ಕಿತು, ನಿಜಕ್ಕೂ ಬೇಕಿದ್ದವರಿಗೆ ಸೊನ್ನೆ. ವಿಶ್ರಾಂತಿಯ ಗಡಿಯಾರ ಕೊನೆಯವರು ಕೂತ ಮೇಲೆ ಶುರುವಾಗಬೇಕು.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಡೆಯುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 7 ಕಿ.ಮೀ. ದಾರಿ, 600 ಮೀಟರ್ ಏರು ಅಂದರೆ ಸುಮಾರು 2 ಗಂಟೆ 25 ನಿಮಿಷ. ಅದು ಗಟ್ಟಿ ಕಾಲಿನವರ ಲೆಕ್ಕ. ಹೊಸಬರ ಗುಂಪಿಗೆ ಒಂದೂವರೆ ಪಟ್ಟು ಹಿಡಿಯಿರಿ, ಮೂರೂವರೆ ಗಂಟೆ ದಾಟುತ್ತದೆ. ಇಳಿಯುವಾಗಲೂ ಮೂರು ಗಂಟೆ ಇಟ್ಟುಕೊಳ್ಳಿ. ಕಾಲು ಉಳುಕುವುದು ಹೆಚ್ಚಾಗಿ ಇಳಿಯುವಾಗಲೇ, ತೊಡೆ ನಡುಗುವ ಹೊತ್ತಿಗೆ. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಮರದಡಿ ಅದಕ್ಕೂ ಮೊದಲೇ ಕತ್ತಲು. ಐದಕ್ಕೆ ಕೆಳಗಿರಬೇಕಾದರೆ ಎರಡಕ್ಕೆ ಹಿಂತಿರುಗಬೇಕು. ತುದಿ ಮುಟ್ಟಿರಲಿ, ಬಿಡಲಿ. ಇದನ್ನು ಬೆಳಿಗ್ಗೆ ಎಲ್ಲರ ಎದುರು ಹೇಳಿಬಿಡಿ. ತುದಿಯ ಸರ್ವಜ್ಞ ಪೀಠ ಕಣ್ಣೆದುರು ಕಾಣುವಾಗ ಹೇಳಿದರೆ ಯಾರೂ ಕೇಳುವುದಿಲ್ಲ, ಬಹುಶಃ ನೀವೂ.

ಉಂಬಳ (ಜಿಗಣೆ) ಮಳೆಗಾಲದ ಕಾಟ. ಕಚ್ಚಿದರೆ ಅಪಾಯವಿಲ್ಲ, ಆದರೆ ಒಬ್ಬೊಬ್ಬರೇ ನಿಂತು ಕೀಳುತ್ತಾ ಸಾಲು ಹರಿದುಹೋಗುತ್ತದೆ. ಬಂಡೆಯಂಥ ಒಣ ಜಾಗ ನೋಡಿ ಎಲ್ಲರಿಗೂ ಒಟ್ಟಿಗೆ ನಿಲ್ಲಲು ಹೇಳಿ. ಡಿಸೆಂಬರ್‌ನಿಂದ ಮೇ ತನಕ ಹೆದರಬೇಕಾದ್ದು ಉಣುಗಿಗೆ (ಉಣ್ಣೆಗೆ). ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಆ ಭಾಗದಲ್ಲಿ ಈಚೆಗೆ ಮಂಗ ಸತ್ತಿದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಹೌದೆಂದರೆ ಕಾರ್ಯಕ್ರಮ ಬೇರೆ ಕಡೆಗೆ ಬದಲಿಸಿ. ಉದ್ದ ತೋಳಿನ ಅಂಗಿ, ಪ್ಯಾಂಟು ಕಾಲುಚೀಲದೊಳಗೆ. ದರಗಿನ (ಉದುರಿದ ಒಣ ಎಲೆಗಳ) ಮೇಲೆ ಯಾರನ್ನೂ ಕೂರಲು ಬಿಡಬೇಡಿ. ಮನೆಗೆ ಹೋದ ಮೇಲೆ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಮೂಳೆ ಮುರಿದಂತೆ ಕೋಲು ಕೊಟ್ಟು ಆ ಅಂಗ ಅಲುಗದಂತೆ ಮಾಡಿ, ನಡೆಸದೆ ಹೊತ್ತು ಸಾಗಿಸಿ. ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ತಯಾರಾದದ್ದು. ಕಾಳಿಂಗಕ್ಕಾಗಲಿ ಮಲಬಾರ್ ಗುಳಿಮಂಡಲಕ್ಕಾಗಲಿ ಅಲ್ಲ. ಆದ್ದರಿಂದ ಕಾಣದ ಕಡೆ ಕೈಯೂರಬಾರದೆಂಬ ಶಿಸ್ತೇ ಮುಖ್ಯ. ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿ ಔಷಧ ಇದೆಯೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಕಾಡಿನಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಹೆಸರು, ರಕ್ತದ ಗುಂಪು, ಮನೆಯ ನಂಬರಿನ ಪಟ್ಟಿಯೊಂದು ಊರಿನಲ್ಲಿ ಒಬ್ಬರ ಕೈಯಲ್ಲಿರಲಿ. 'ಸಂಜೆ ಏಳರೊಳಗೆ ಫೋನ್ ಬರದಿದ್ದರೆ 112ಕ್ಕೆ ಹೇಳಿ' ಎಂಬ ಮಾತಿನೊಂದಿಗೆ.

ಕೋರ್ಸ್ ಬೇಕೇ? ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್ (ಎಚ್‌ಎಂಐ, 1954), ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್ ಆಫ್ ಮೌಂಟನಿಯರಿಂಗ್ (ನಿಮ್, 1965) ಪರ್ವತಾರೋಹಣ ಕಲಿಸುವ ಒಳ್ಳೆಯ ಸಂಸ್ಥೆಗಳು. ಆದರೆ ಅಲ್ಲಿನ ಬೇಸಿಕ್ ಕೋರ್ಸ್ ಹಿಮ, ಹಗ್ಗ, ಬಂಡೆಗಾಗಿ ಇರುವಂಥದ್ದು. ಮಲೆನಾಡಿನ ಗುಂಪಿಗೆ ಮೊದಲು ಬೇಕಾದ್ದು ಪ್ರಥಮ ಚಿಕಿತ್ಸೆ, ಅದರಲ್ಲೂ ಆಸ್ಪತ್ರೆಯಿಂದ ದೂರವಿದ್ದಾಗ ಏನು ಮಾಡಬೇಕೆಂದು ಕಲಿಸುವಂಥದ್ದು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದೊಳಗಿದೆ. ಸ್ಥಳೀಯರೊಬ್ಬರು ಜೊತೆಗಿರಲಿ.

ಮತ್ತೆ, 20 ಜನರಿಂದ ಶುರು ಮಾಡಬೇಡಿ. ಮೊದಲ ಸಲ ಎಂಟೇ ಜನ, ಅದೂ ಕುಂದಾದ್ರಿಗೆ. ಅಲ್ಲಿ ತುದಿಯ ಬಸದಿಯ ಹತ್ತಿರದ ತನಕ ವಾಹನದ ರಸ್ತೆಯಿದೆ. ಯಾರಾದರೂ ಕೂತುಬಿಟ್ಟರೆ ಜೀಪು ತರಿಸಬಹುದು.