ಪದ ಪರಿಚಯ: ಅಪ್‌ಸ್ಟ್ರೀಮ್

ಕೋಲಾರದ ಕಡೆಯವರಿಗೆ ಈ ಪದ ಬೇಗ ಹತ್ತುತ್ತದೆ. ಇಲ್ಲಿ ಕೆರೆಗಳು ಒಂದರ ಕೆಳಗೊಂದು ಸಾಲಾಗಿವೆ. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಮೊದಲು ಬಂದದ್ದು ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಕೆಳಗಿನ ಕೆರೆಗಳಿಗೆ. ತಂತ್ರಾಂಶದಲ್ಲಿ ಮೇಲಿನ ಕೆರೆಯೇ ಅಪ್‌ಸ್ಟ್ರೀಮ್: ಮೂಲ ಕೋಡ್ ಬರೆದು ಬಿಡುಗಡೆ ಮಾಡುವ ತಂಡ. ಅದನ್ನು ಪ್ಯಾಕೇಜ್ ಮಾಡಿ ಹಂಚುವವರು ಡೌನ್‌ಸ್ಟ್ರೀಮ್. ಒಬ್ಬರೇ ಎರಡೂ ಆಗಬಹುದು. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳು ಕರ್ನಲ್. ಅದನ್ನು ಬೇರೆ ತಂತ್ರಾಂಶಗಳೊಡನೆ ಕಟ್ಟಿ ಹಂಚುವ ಡೆಬಿಯನ್, ಫೆಡೋರಾ, ಉಬುಂಟು, ಮಿಂಟ್‌ನಂಥವು ಡಿಸ್ಟ್ರೋಗಳು. ಕರ್ನಲ್‌ಗೆ ಡೆಬಿಯನ್ ಡೌನ್‌ಸ್ಟ್ರೀಮ್, ಉಬುಂಟುಗೆ ಅದೇ ಅಪ್‌ಸ್ಟ್ರೀಮ್, ಮಿಂಟ್‌ಗೆ ಉಬುಂಟು ಅಪ್‌ಸ್ಟ್ರೀಮ್.

ಡೆಬಿಯನ್, ಫೆಡೋರಾ ಬಳಗಗಳು ಪರಸ್ಪರ ಎಷ್ಟೇ ಜಗ್ಗಾಡಿದರೂ ಕೆಲಸದಲ್ಲಿ ಸೇರುವುದು ಈ ಮೇಲಿನ ಕೆರೆಯ ಏರಿಯ ಮೇಲೆ. ಲಿನಕ್ಸಿನವರೂ ಬಿಎಸ್‌ಡಿ ಎಂಬ ಬೇರೆ ಕಾರ್ಯಾಚರಣೆ ವ್ಯವಸ್ಥೆಗಳವರೂ ಅಷ್ಟೆ: ನಮ್ಮ ಲಿನಕ್ಸ್ ಸರ್ವರ್‌ಗಳಿಗೆ ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಹೆಚ್ ತಂತ್ರಾಂಶ 1999ರಿಂದ ಓಪನ್‌ಬಿಎಸ್‌ಡಿ ತಂಡದ ಕೈಯಲ್ಲಿದೆ, ಹೊರಗಿನವರಿಗಾಗಿ ಅವರೇ ‘ಪೋರ್ಟಬಲ್’ ಆವೃತ್ತಿ ಕೊಡುತ್ತಾರೆ.

ಮುಳಬಾಗಿಲಿನ ಡಿಟಿಪಿ ಅಂಗಡಿಯೊಂದರಲ್ಲಿ ಲಿಬ್ರೆಆಫೀಸ್ ಎಂಬ ಬರವಣಿಗೆ ತಂತ್ರಾಂಶದಲ್ಲಿ ಲಗ್ನಪತ್ರಿಕೆ ಮಾಡುವಾಗ ‘ಆಶೀರ್ವದಿಸಿ’ಯ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತು ಎನ್ನೋಣ. ದೂರು ಯಾರಿಗೆ? ಮೊದಲು ಅದೇ ಸಾಲನ್ನು ಬೇರೆ ಫಾಂಟಿನಲ್ಲಿ ನೋಡಿ. ಸರಿಹೋದರೆ ತಪ್ಪು ಫಾಂಟಿನದು, ಫಾಂಟ್ ಮಾಡಿದವರಿಗೆ ತಿಳಿಸಿ. ಎಲ್ಲ ಫಾಂಟಲ್ಲೂ ಕೆಟ್ಟು ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಮಾತ್ರ ಸರಿಯಿದ್ದರೆ ತಪ್ಪು ಲಿಬ್ರೆಆಫೀಸಿನದು. ಎರಡರಲ್ಲೂ ಕೆಟ್ಟರೆ ಅನುಮಾನ ಹಾರ್ಫ್‌ಬಜ್ ಎಂಬ ತಂತ್ರಾಂಶದ ಮೇಲೆ. ಅಕ್ಷರ, ಒತ್ತಕ್ಷರ ಜೋಡಿಸುವ ಕೆಲಸ ಎರಡಕ್ಕೂ ಅದರದೇ. ಡೆಬಿಯನ್‌ನ ಸ್ಥಿರ ಬಿಡುಗಡೆಯಾದ ‘ಸ್ಟೇಬಲ್’‌ನಲ್ಲಿರುವುದು ಹಾರ್ಫ್‌ಬಜ್‌ನ ಹಳೆಯ ಆವೃತ್ತಿ ಇರಬಹುದು, ಆದ್ದರಿಂದ ಹೊಸ ಬಿಡುಗಡೆಯಲ್ಲಿ ಮತ್ತೆ ಪರೀಕ್ಷಿಸದೆ ದೂರು ಬರೆಯಬೇಡಿ. ಪದ, ಫಾಂಟಿನ ಆವೃತ್ತಿ, ಹಾರ್ಫ್‌ಬಜ್‌ನದೇ ಉಪಕರಣ ಹೆಚ್‌ಬಿ-ವ್ಯೂ ತೆಗೆದ ಚಿತ್ರ, ದೂರಿನಲ್ಲಿ ಈ ಮೂರೂ ಇರಲಿ. ಹಾರ್ಫ್‌ಬಜ್‌ನಲ್ಲಿ ಒಮ್ಮೆ ಸರಿಯಾದರೆ ಫೆಡೋರಾ, ಉಬುಂಟು, ಆಂಡ್ರಾಯ್ಡ್ ಎಲ್ಲಕ್ಕೂ ಇಳಿದು ಬರುತ್ತದೆ.

ನಮ್ಮ ಡಿಸ್ಟ್ರೋದಲ್ಲಷ್ಟೇ ಪ್ಯಾಚ್ (ಕೋಡ್ ತಿದ್ದುಪಡಿಯ ತುಣುಕು) ಹಾಕಿಕೊಂಡರೆ ಆಗದೇ? ಆಗುತ್ತದೆ, ಆದರೆ ಪ್ರತಿ ಹೊಸ ಆವೃತ್ತಿಗೂ ಅದನ್ನು ಮತ್ತೆ ಕೂರಿಸಬೇಕು. ಮೂಲದಲ್ಲಿ ಸುತ್ತಲಿನ ಸಾಲುಗಳು ಬದಲಾಗಿದ್ದರೆ ‘ಹಂಕ್ ಫೇಲ್ಡ್’ (ತುಣುಕು ಕೂರಲಿಲ್ಲ) ಎಂದು ಪ್ಯಾಚ್ ನಿಲ್ಲುತ್ತದೆ. ಇಷ್ಟಾದರೆ ಬರೀ ತಲೆನೋವು. ತಕರಾರಿಲ್ಲದೆ ಸುಮ್ಮನೆ ಕೂತುಬಿಟ್ಟ ತಪ್ಪು ಪ್ಯಾಚ್ ಇನ್ನೂ ಅಪಾಯ. 2006ರಲ್ಲಿ ಡೆಬಿಯನ್‌ನವರು ಗೂಢಲಿಪಿ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ಎರಡು ಸಾಲುಗಳನ್ನು ಕಾಮೆಂಟ್ ಮಾಡಿ ನಿಷ್ಕ್ರಿಯಗೊಳಿಸಿದರು, ಮೆಮೊರಿ ತಪಾಸಣೆಯ ಉಪಕರಣ ತಕರಾರು ಎತ್ತುತ್ತಿತ್ತೆಂದು. ಮೂಲ ತಂಡದವರನ್ನು ಪ್ರಶ್ನೆ ಕೇಳಿದ್ದುಂಟು, ಪೂರ್ತಿ ಪ್ಯಾಚನ್ನು ಪರಿಶೀಲನೆಗೆ ಒಪ್ಪಿಸಲಿಲ್ಲ. ಲಾಗಿನ್ ಮುಂತಾದವಕ್ಕೆ ಬಳಸುವ ಗುಪ್ತ ಕೀ ತಯಾರಿಗೆ ಬೇಕಾದ ಯಾದೃಚ್ಛಿಕತೆಯೇ (ಊಹಿಸಲಾಗದಿರುವಿಕೆ) ಹೊರಟುಹೋಗಿ, ಓಡುವ ಪ್ರತಿ ಪ್ರೋಗ್ರಾಮಿಗೆ ಕಂಪ್ಯೂಟರ್ ಕೊಡುವ ಪ್ರೊಸೆಸ್ ಸಂಖ್ಯೆಯೊಂದೇ ಉಳಿಯಿತು. ಒಂದೊಂದು ಬಗೆಯ ಕೀಗೂ ಸುಮಾರು 32,768 ಸಾಧ್ಯತೆ ಅಷ್ಟೆ. ಗೊತ್ತಾದದ್ದು 2008ರ ಮೇನಲ್ಲಿ. ಉಬುಂಟುಗೆ ತಪ್ಪು ಹಾಗೇ ಇಳಿದಿತ್ತು. ಫೆಡೋರಾದ ಕೋಡ್ ಸರಿಯಿತ್ತು, ಆದರೂ ಡೆಬಿಯನ್‌ನಲ್ಲಿ ಮಾಡಿದ ಕೀಯನ್ನು ಫೆಡೋರಾ ಸರ್ವರಿಗೆ ಹಾಕಿದ್ದವರು ಅದನ್ನು ಕಿತ್ತೆಸೆಯಬೇಕಾಯಿತು.

ಮೇಲಿನ ಕೆರೆಗೇ ವಿಷ ಬೀಳುವುದೂ ಉಂಟು. 2024ರ ಮಾರ್ಚ್ 29ರಂದು ಕಡತ ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್ ಯುಟಿಲ್ಸ್‌ನ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲಿದೆ (ಕದ್ದು ಒಳನುಗ್ಗುವ ದಾರಿ) ಎಂದು ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬಯಲುಮಾಡಿದರು. ಸುಳಿವು ಕೊಟ್ಟದ್ದು ಡೆಬಿಯನ್‌ನಲ್ಲಿ ಎಸ್‌ಎಸ್‌ಹೆಚ್ ಲಾಗಿನ್ ಅರ್ಧ ಸೆಕೆಂಡ್ ತಡವಾದದ್ದು. ಎಚ್ಚರಿಕೆ ಫೆಡೋರಾದವರಿಗೂ ಬೇಕಿತ್ತು: ಅವರ ಪರೀಕ್ಷಾ ಆವೃತ್ತಿಗೂ ಅದೇ ನೀರು ಇಳಿದಿತ್ತು.

ಡೆಬಿಯನ್ ಪ್ಯಾಕೇಜೊಂದು ಮೇಲಿನವರೊಡನೆ ಹೇಗಿದೆ ಎಂದು ನೋಡಬೇಕಾದರೆ ಅದರ ಮೂಲದಲ್ಲಿ ‘ಡೆಬಿಯನ್/ಪ್ಯಾಚಸ್’ ಫೋಲ್ಡರ್ ತೆರೆಯಿರಿ. ಪ್ಯಾಚಿನ ತಲೆಯಲ್ಲಿ ‘ಫಾರ್ವರ್ಡೆಡ್’ ಎಂಬ ಸಾಲು ಇರಬಹುದು. ಅದರ ಮುಂದೆ ಕೊಂಡಿ (ಲಿಂಕ್) ಇದ್ದರೆ ಪ್ಯಾಚನ್ನು ಮೇಲಕ್ಕೆ ಕಳಿಸಿದ್ದಾರೆ. ‘ನಾಟ್-ನೀಡೆಡ್’ ಎಂದರೆ ಡೆಬಿಯನ್‌ಗೆ ಮಾತ್ರ ಬೇಕಾದದ್ದು. ಬರೀ ‘ನೋ’ ಇದ್ದರೆ ಇನ್ನೂ ಯಾರೂ ಕಳಿಸಿಲ್ಲ.