ಬೆಸ್ಟ್‌ನೊಳಗೊಂದು ಬೆಟರ್

ಇಂಗ್ಲಿಷ್ ಕಲಿಯುವ ಕನ್ನಡಿಗರಿಂದ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ‘ರವಿ ಈಸ್ ಟಾಲ್ ದ್ಯಾನ್ ಸುರೇಶ್’. ಇನ್ನೊಂದು, ‘ರವಿ ಈಸ್ ಮೋರ್ ಟಾಲರ್ ದ್ಯಾನ್ ಸುರೇಶ್’. ಮೊದಲನೆಯದರಲ್ಲಿ ಕಡಿಮೆ ಬಿತ್ತು, ಎರಡನೆಯದರಲ್ಲಿ ಜಾಸ್ತಿಯಾಯ್ತು. ಎರಡರ ಹಿಂದೆಯೂ ನಮ್ಮ ‘ಗಿಂತ’ದ ಕೈವಾಡ ಇದೆ ಅನ್ನಬಹುದು.

‘ರವಿ ಸುರೇಶನಿಗಿಂತ ಎತ್ತರ’ ಅಂದರೆ ಕನ್ನಡದಲ್ಲಿ ಕೆಲಸ ಮುಗಿಯಿತು. ‘ಎತ್ತರ’ ಚೂರೂ ಬದಲಾಗಲಿಲ್ಲ. ‘ಹೆಚ್ಚು’ ಅಂತ ಸೇರಿಸಿದರೂ ಸರಿ, ಬಿಟ್ಟರೂ ಸರಿ. ಇಂಗ್ಲಿಷ್‌ನಲ್ಲಿ ‘ದ್ಯಾನ್’ ಬಂದಮೇಲೂ ಟಾಲ್ ಹೋಗಿ ಟಾಲರ್ ಆಗಲೇಬೇಕು. ಚಿಕ್ಕ ಪದಕ್ಕೆ ಬಾಲದಲ್ಲಿ ‘ಅರ್’, ಬ್ಯೂಟಿಫುಲ್‌ನಂಥ ಉದ್ದ ಪದಕ್ಕೆ ಮುಂದೆ ‘ಮೋರ್’. ಹ್ಯಾಪಿ, ಈಸಿ ತರಹದವು ಹ್ಯಾಪಿಯರ್, ಈಸಿಯರ್ ಆಗುತ್ತವೆ. ಬಾಲ ಮತ್ತು ‘ಮೋರ್’ ಎರಡೂ ಒಟ್ಟಿಗೆ ಬೇಡ. ನಿಯಮ ಇಷ್ಟೇ.

ಆದರೆ ಈ ‘ಒಟ್ಟಿಗೆ ಬೇಡ’ ಅನ್ನುವುದು ಅಷ್ಟೇನೂ ಹಳೆಯದಲ್ಲ. ‘ಅರ್’, ‘ಎಸ್ಟ್’ ಬಾಲಗಳು ಇಂಗ್ಲಿಷ್‌ಗೆ ಹುಟ್ಟಿನಿಂದಲೇ ಬಂದವು. ‘ಮೋರ್’, ‘ಮೋಸ್ಟ್’ ಬಳಸುವ ರೂಢಿ ಆಮೇಲೆ ಹಬ್ಬಿತು. ನಡುವಿನ ಕೆಲವು ಶತಮಾನ ಜನ ಎರಡನ್ನೂ ಸೇರಿಸಿಯೇ ಆಡುತ್ತಿದ್ದರು. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಸೀಸರನ ಹೆಣದ ಮುಂದೆ ನಿಂತ ಆಂಟೊನಿ, ಬ್ರೂಟಸ್ ಇರಿದಾಗ ಹರಿದ ಸೀಸರನ ನಿಲುವಂಗಿಯನ್ನು ತೋರಿಸಿ, ಆ ಇರಿತವನ್ನು ‘ಮೋಸ್ಟ್ ಅನ್‌ಕೈಂಡೆಸ್ಟ್’ ಅನ್ನುತ್ತಾನೆ. ಇವತ್ತು ನಮ್ಮ ಮಕ್ಕಳು ಹಾಗೆ ಬರೆದರೆ ಕೆಂಪು ಗೆರೆ ಖಂಡಿತ, ಅಲ್ವಾ?

ಬಾಗಿಲು ಹಾಕಿದ್ದು 18ನೇ ಶತಮಾನದ ವ್ಯಾಕರಣಕಾರರು. ಅವರಲ್ಲಿ ಒಬ್ಬ, 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್. ಜೋಡಿ ರೂಪ ತಪ್ಪು ಅಂದವನೇ ಒಂದು ಕಡೆ ಮಾತ್ರ ಸಡಿಲಬಿಟ್ಟ. ದೇವರನ್ನು ಕುರಿತು ‘ಮೋಸ್ಟ್ ಹೈಯೆಸ್ಟ್’ ಅಂದರೆ ಅದಕ್ಕೊಂದು ಔಚಿತ್ಯ ಇದೆಯಂತೆ. ದೇವರು ಎತ್ತರಕ್ಕಿಂತಲೂ ಎತ್ತರ ತಾನೇ! ಮುಂದೆ ಬಿಷಪ್ ಆದ ಪಾದ್ರಿಯಿಂದ ಬಂದ ರಿಯಾಯಿತಿ ಇದು. ಅದಕ್ಕೂ ಮುಂಚೆ, 1755ರ ತನ್ನ ನಿಘಂಟಿನಲ್ಲಿ ಸ್ಯಾಮುಯೆಲ್ ಜಾನ್ಸನ್ ‘ಲೆಸ್ಸರ್’ ಪದವನ್ನು ಅನಾಗರಿಕ ಅಂತ ಬೈದಿದ್ದ. ‘ಲೆಸ್’ ಅಂದರೇ ‘ಇನ್ನೂ ಕಡಿಮೆ’, ಅದಕ್ಕೆ ಮತ್ತೆ ಬಾಲ ಯಾಕೆ ಅನ್ನುವುದು ಅವನ ತಕರಾರು. ಲೆಸ್ಸರ್ ಇವತ್ತಿಗೂ ಆರಾಮಾಗಿದೆ.

ನಾವೇನು ಕಮ್ಮಿಯಿಲ್ಲ. ಸಂಸ್ಕೃತದಲ್ಲಿ ‘ಉತ್ತಮ’, ‘ಶ್ರೇಷ್ಠ’ ಅಂದರೇ ಎಲ್ಲಕ್ಕಿಂತ ಮೇಲು ಅಂತ. ನಾವು ‘ಅತ್ಯುತ್ತಮ’, ‘ಸರ್ವಶ್ರೇಷ್ಠ’ ಅಂತ ಸುಮ್ನೆ ಇನ್ನೊಂದು ಪದರ ಹಚ್ಚಿದ್ದೇವೆ. ಅಂದಹಾಗೆ ಶ್ರೇಷ್ಠ, ಕನಿಷ್ಠ, ಗರಿಷ್ಠಗಳ ‘ಇಷ್ಠ’ವೂ ಇಂಗ್ಲಿಷ್‌ನ ‘ಎಸ್ಟ್’ ಕೂಡ ಒಂದೇ ಬೇರಿನವು. ಸಂಸ್ಕೃತದ ‘ಸ್ವಾದಿಷ್ಠ’ ಮತ್ತು ಇಂಗ್ಲಿಷ್‌ನ ‘ಸ್ವೀಟೆಸ್ಟ್’ ಅಡಿಯಿಂದ ಮುಡಿಯವರೆಗೆ ದಾಯಾದಿಗಳು.

ಈಗ ಗುಡ್, ಬೆಟರ್, ಬೆಸ್ಟ್ ನೋಡಿ. ಗುಡ್‌ನಿಂದ ಗುಡರ್ ಆಗದೆ ಬೇರೆಯದೇ ಬೇರಿನ ಬೆಟರ್ ಬಂತು. ಹೋಗಲಿ, ಮೂರನೆಯದಾದರೂ ‘ಗುಡೆಸ್ಟ್’ ಆಗಬಹುದಿತ್ತು. ಆಗಲಿಲ್ಲ. ಜೊನಾಥನ್ ಬೊಬಾಲ್ಜಿಕ್ ಎಂಬ ಭಾಷಾವಿಜ್ಞಾನಿ ನೂರಾರು ಭಾಷೆಗಳನ್ನು ತಡಕಾಡಿ 2012ರಲ್ಲಿ ಇದನ್ನೇ ಹೇಳಿದರು: ನಡುವಿನ ರೂಪ ಬೇರೆ ಬೇರಿಗೆ ಹಾರಿದ ಮೇಲೆ ಕೊನೆಯದು ವಾಪಸ್ ಮೊದಲಿನದಕ್ಕೆ ಬರುವುದಿಲ್ಲ. ಲ್ಯಾಟಿನ್‌ನಲ್ಲಿ ಬೋನಸ್, ಮೆಲಿಯೊರ್, ಆಪ್ಟಿಮಸ್ ಅಂತ ಮೂರಕ್ಕೂ ಬೇರೆ ಬೇರೆ ಬೇರು ಇರಬಹುದು, ಆದರೆ ‘ಗುಡ್, ಬೆಟರ್, ಗುಡೆಸ್ಟ್’ ಮಾತ್ರ ಇಲ್ಲ. ಅವರು ಕೊಡುವ ಕಾರಣ ಸರಳ. ‘ಬೆಸ್ಟ್’ ಕಟ್ಟುವುದೇ ‘ಬೆಟರ್’ ಮೇಲೆ.

ಇಂಗ್ಲಿಷ್‌ನಲ್ಲಿ ಇದು ಮೇಲ್ನೋಟಕ್ಕೆ ಕಾಣುವುದಿಲ್ಲ. ಕನ್ನಡದಲ್ಲಿ ಕಣ್ಣಿಗೆ ರಾಚುತ್ತದೆ. ‘ಟಾಲೆಸ್ಟ್’ ಅನ್ನುವುದಕ್ಕೆ ನಾವು ಹೇಳುವುದೇ ‘ಎಲ್ಲರಿಗಿಂತ ಎತ್ತರ’. ಅದೇ ಗಿಂತ, ಜೊತೆಗೆ ‘ಎಲ್ಲರು’. ಅಷ್ಟೇ.

ಈ ‘ಎಲ್ಲ’ದಿಂದಲೇ ಇನ್ನೊಂದು ಎಡವಟ್ಟು. ‘ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ’ ಅಂತ ಬರೆದಿರಿ ಅನ್ನಿ. ಸುಮಾರು 1,930 ಮೀಟರ್ ಎತ್ತರದ ಆ ಬೆಟ್ಟವೂ ಕರ್ನಾಟಕದ್ದೇ. ಹಾಗಾಗಿ ಅದು ತನಗಿಂತ ತಾನೇ ಎತ್ತರ ಅಂದಂತಾಯಿತು. ‘ಎನಿ ಅದರ್ ಪೀಕ್’ ಅನ್ನಬೇಕು. ‘ಹೈಯೆಸ್ಟ್’ ಬಳಸಿದರೆ ಲೆಕ್ಕ ಉಲ್ಟಾ: ಆ ಬೆಟ್ಟವೂ ಗುಂಪಿನೊಳಗೇ ಇರಬೇಕು, ಆದ್ದರಿಂದ ‘ಹೈಯೆಸ್ಟ್ ಆಫ್ ಆಲ್ ಅದರ್ ಪೀಕ್ಸ್’ ತಪ್ಪು.

ಸೀನಿಯರ್, ಜೂನಿಯರ್, ಸುಪೀರಿಯರ್‌ಗಳದ್ದು ಬೇರೆಯೇ ಕಥೆ. ಇವು ಲ್ಯಾಟಿನ್‌ನಲ್ಲೇ ಹೋಲಿಕೆಯ ರೂಪ ಪಡೆದು ಬಂದವು. ಅವಕ್ಕೆ ‘ದ್ಯಾನ್’ ಒಗ್ಗುವುದಿಲ್ಲ, ‘ಟು’ ಬೇಕು. ‘ಅವರು ನನಗಿಂತ ಸೀನಿಯರ್’ ಅನ್ನುವ ನಮ್ಮ ಬಾಯಿಗೆ ‘ಸೀನಿಯರ್ ದ್ಯಾನ್ ಮಿ’ ತಾನಾಗಿ ಬರುತ್ತದೆ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ತಮಾಷೆ ಅಂದರೆ, ‘ಮೋರ್ ಸೀನಿಯರ್’ ಕೂಡ ಲೆಕ್ಕದ ಪ್ರಕಾರ ಜೋಡಿ ರೂಪವೇ. ಆದರೆ ಅದು ಲಂಡನ್ನಿನ ಪತ್ರಿಕೆಗಳಲ್ಲೂ ನಡೆಯುತ್ತದೆ, ಯಾರೂ ತಕರಾರು ತೆಗೆಯುವುದಿಲ್ಲ.